ಹರಿಯದ ಹೊಳೆಗೆ ಸೊನ್ನೆ

ಪೆಟ್ಟಿಗೆಯ ಮುಚ್ಚಳ ಎತ್ತಿದ ಕೂಡಲೇ ಹಳೆಯ ಕರ್ಪೂರದ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ನೀಲಿ ಮಖಮಲ್ಲಿನ ಗೂಡುಗಳಲ್ಲಿ ಮರದ ಬಿಲ್ಲೆಗಳು, ಚಿತ್ರದ ಕಾರ್ಡುಗಳು, ನಿಂತುಹೋದ ಒಂದು ಸ್ಟಾಪ್‌ವಾಚು. ಅದನ್ನು ನನ್ನ ಮನೆಗೆ ಹೊತ್ತು ತಂದವಳು ವಿಮಲಾ. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಈಗ ದೊಡ್ಡ ಆಸ್ಪತ್ರೆಯೊಂದರಲ್ಲಿ ಮನಶ್ಶಾಸ್ತ್ರಜ್ಞೆ.

"ಕಾಲೇಜಿನಲ್ಲಿ ನಮ್ಮ ವಿಭಾಗದ ಉಗ್ರಾಣದಲ್ಲಿ ಸಿಕ್ಕಿತು ಮೇಡಂ. ಡಾಕ್ಟರ್ ವರದನ್ ಅವರ ಸ್ವಂತ ಪೆಟ್ಟಿಗೆ!" ಎನ್ನುತ್ತಾ ಅವಳು ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹರಡಿದಳು. ವಂಶವೃಕ್ಷದಂತೆ ಗೆರೆ ಎಳೆದಿದ್ದಳು. "ನೋಡಿ, ನಾಲ್ಕೇ ಮೆಟ್ಟಿಲು. ನಾನು, ನೀವು, ವರದನ್, ಅವರ ಗುರು, ಆಮೇಲೆ ನೇರವಾಗಿ ಜರ್ಮನಿಯ ಮೂಲಪುರುಷರು. ವಿಭಾಗದ ಸ್ಮರಣ ಸಂಚಿಕೆಗೆ ಒಬ್ಬೊಬ್ಬರೂ ತಮ್ಮ ಗುರುಗಳ ಬಗ್ಗೆ ಒಂದೊಂದು ಪ್ರಸಂಗ ಬರೀತಿದ್ದಾರೆ. ನೀವು ಅವರ ಜೊತೆ ಕೆಲಸ ಮಾಡಿದವರು. ಒಂದು ಪುಟ ಸಾಕು. ಸ್ವಲ್ಪ ತಮಾಷೆಯಾಗಿದ್ದರೆ ಇನ್ನೂ ಚೆನ್ನ."

ತಮಾಷೆ! ಎಪ್ಪತ್ತು ದಾಟಿದ ಈ ಮೈ ಉರಿದುಹೋಯಿತು. ಬರೆಯುತ್ತೇನೆ ಎಂದೆ. ಅವಳು ಸಂತೋಷದಿಂದ ಹೋದಳು. ಆದರೆ ಒಂದು ಪುಟದಲ್ಲಿ ಮುಗಿಯುವ ಮಾತಲ್ಲ ಇದು, ನಗಿಸುವ ಮಾತಂತೂ ಮೊದಲೇ ಅಲ್ಲ.

ಆಗ ಮೆಟ್ಟೂರು ಅಣೆಕಟ್ಟೆಯಲ್ಲಿ ನೀರು ನಿಂತು ಎರಡು ವರ್ಷವಾಗಿತ್ತು. ನನಗೆ ಇಪ್ಪತ್ತಮೂರು. ಸೇಲಂನ ಕನ್ನಡ ನೇಕಾರರ ಬೀದಿಯಲ್ಲಿ ಹುಟ್ಟಿದವಳು ನಾನು. ಹದಿನೈದಕ್ಕೆ ಗಂಡ ಸತ್ತಿದ್ದ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತೇ ನನ್ನಪ್ಪ ನೆಂಟರೆಲ್ಲರ ಬೈಗುಳ ಕೇಳಿಸಿಕೊಂಡು, "ಓದ್ಲಿ ಬಿಡ್ರೋ" ಎಂದು ಒಂದೇ ಮಾತಿನಲ್ಲಿ ನನ್ನನ್ನು ಟೀಚರ್ ತರಬೇತಿಗೆ ಕಳಿಸಿದ್ದ. ಅದು ಮುಗಿದ ಮೇಲೆ ನಂಗವಳ್ಳಿಯಿಂದ ಎರಡು ಮೈಲಿ ಆಚೆಗಿನ ಹೊಸಪಾಳ್ಯದ ಶಾಲೆಯಲ್ಲಿ ಕೆಲಸ ಸಿಕ್ಕಿತು.

ಹೊಸಪಾಳ್ಯ ಎಂದರೆ ಹೊಳೆಯ ದಂಡೆಯಿಂದ ಎಬ್ಬಿಸಿ ತಂದವರ ಊರು. ಅವರ ಹಳೆಯ ಊರು ಅಣೆಕಟ್ಟೆಯ ನೀರಿನೊಳಗೆ ಹೋಗಿತ್ತು. ಎಲ್ಲರೂ ಕನ್ನಡ ಆಡುವ ಒಕ್ಕಲುಗಳು. ಹೊಳೆಯಂಚಿನ ಕಪ್ಪು ಮಣ್ಣು ಬಿಟ್ಟು ಬಂದವರಿಗೆ ಈ ಕೆಂಪು ಕಲ್ಲುನೆಲ ಒಗ್ಗಿರಲಿಲ್ಲ. ಶಾಲೆ ನಡೆಸುತ್ತಿದ್ದದ್ದು ಪಟ್ಟಣದ ಕೆಲವು ಸ್ಥಿತಿವಂತರು ಸೇರಿ ಕಟ್ಟಿಕೊಂಡ ಒಂದು ಧರ್ಮಸಂಘ. ಮೂರನೇ ತರಗತಿಯವರೆಗೆ ಮಾತ್ರ ಇತ್ತು. ಪಾಠವೆಲ್ಲ ತಮಿಳಿನಲ್ಲಿ. ಮಕ್ಕಳಿಗೆ ಅರ್ಥವಾಗದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ ಎಂದೇ ನನ್ನನ್ನು ತೆಗೆದುಕೊಂಡಿದ್ದರು.

ಆ ವರ್ಷ ತಮಿಳರ ಐಪಸಿ ತಿಂಗಳ ಹಿಂಗಾರು ಮಳೆ ಚೆನ್ನಾಗಿ ಹಿಡಿದಿತ್ತು. ಮಳೆ ಬಿಟ್ಟ ಮೇಲೆ ಕಡಲೆಕಾಯಿ ಕೀಳುವ ಕೆಲಸ. ಮಕ್ಕಳು ಬೆಳಗ್ಗೆ ಹೊಲದಲ್ಲಿ ಗಿಡ ಕಿತ್ತು, ಉಗುರಲ್ಲಿ ಕೆಮ್ಮಣ್ಣು ಹೊತ್ತು ಶಾಲೆಗೆ ಬರುತ್ತಿದ್ದರು. ಹಸಿ ಕಡಲೆಕಾಯಿ ತಿಂದು ಹೊಟ್ಟೆ ನೋವೆಂದು ಅರ್ಧ ತರಗತಿ ಮಲಗುತ್ತಿತ್ತು.

ಅವರಲ್ಲಿ ಕೆಂಪಿ ಅಂತ ಒಬ್ಬಳಿದ್ದಳು. ಹನ್ನೊಂದು ವರ್ಷ. ಶಾಲೆಯ ಹಿಂದಿನ ಬಯಲಿನಲ್ಲಿ ಅವಳು ಕಲ್ಲು, ಹುಣಸೆಬೀಜ, ಹೆಂಚಿನ ಚೂರು ಇಟ್ಟು ಮುಳುಗಿದ ಊರನ್ನೇ ಮತ್ತೆ ಕಟ್ಟಿದ್ದಳು. ಬೀದಿ, ಬಾವಿ, ಕಣ, ಯಾರ ಹಿತ್ತಿಲಲ್ಲಿ ಯಾವ ಮರ, ಯಾರ ಬಾಗಿಲು ಯಾವ ದಿಕ್ಕಿಗೆ, ಎಲ್ಲವೂ ಅದರಲ್ಲಿತ್ತು. ಊರು ಬಿಟ್ಟಾಗ ಕೈಗೂಸಾಗಿದ್ದ ಮಕ್ಕಳನ್ನು ಕೂರಿಸಿಕೊಂಡು, "ಲೇ, ಇಲ್ನೋಡು, ಇದು ನಿಮ್ಮನೆ. ನಿಮ್ಮವ್ವ ಈ ಬಾವಿನಾಗೆ ನೀರ್ ಸೇದ್ತಿದ್ಲು" ಎಂದು ಪಾಠ ಹೇಳುತ್ತಿದ್ದಳು. ಹಿರಿಯರು ಬಂದು ನೋಡಿ ಎಲ್ಲಾದರೂ ತಪ್ಪಿದೆಯೇ ಎಂದು ಹುಡುಕುತ್ತಿದ್ದರು. ತಪ್ಪು ಸಿಗುತ್ತಿರಲಿಲ್ಲ. ಒಬ್ಬ ಮುದುಕಿ ತನ್ನ ಮನೆಯ ಹೆಂಚಿನ ಚೂರಿನ ಮುಂದೆ ಕೂತು ಅತ್ತುಬಿಟ್ಟಳು.

ಸಂಘದವರು ಆ ವರ್ಷ ಎರಡು ಕೆಲಸ ಮಾಡಬೇಕೆಂದಿದ್ದರು. ಶಾಲೆಯನ್ನು ಐದನೇ ತರಗತಿಯವರೆಗೆ ಬೆಳೆಸುವುದು, ಸೇಲಂನ ಹುಡುಗಿಯರ ವಿದ್ಯಾರ್ಥಿನಿಲಯದಲ್ಲಿ ಹೊಸಪಾಳ್ಯದ ಒಬ್ಬಳಿಗೆ ಜಾಗ ಕೊಡುವುದು. ನಾನು ಕೆಂಪಿಯ ಹೆಸರು ಬರೆದು ಕಳಿಸಿದೆ. ಆದರೆ ಅದೇ ಹೊತ್ತಿಗೆ ವಿದೇಶದಲ್ಲಿ ಓದಿದ ಒಬ್ಬರು ಮನಶ್ಶಾಸ್ತ್ರದ ಡಾಕ್ಟರು ದೇಶಕ್ಕೆ ಮರಳಿದ್ದರು. ಮಕ್ಕಳ ಬುದ್ಧಿಯನ್ನು ಅಳೆದು ಹೇಳಬಲ್ಲರಂತೆ. ಅಳತೆಯಾದ ಮೇಲೆ ನೋಡೋಣ ಎಂದರು ಸಂಘದವರು.

ದೀಪಾವಳಿ ಕಳೆದ ಮೇಲೆ ಆ ಡಾಕ್ಟರ್ ವರದನ್ ನಮ್ಮಲ್ಲಿಗೆ ಬಂದರು. ಮೆಟ್ಟೂರಿನ ಬಂಗಲೆಯಲ್ಲಿ ಇಳಿದುಕೊಂಡು ದಿನಾ ಬೆಳಗ್ಗೆ ಕಾರಿನಲ್ಲಿ ಬರುತ್ತಿದ್ದರು. ಎತ್ತರದ ಆಳು, ಚಿನ್ನದ ಚೌಕಟ್ಟಿನ ಕನ್ನಡಕ, ಇಂಗ್ಲಿಷ್ ಬೆರೆಸಿದ ಮೃದುವಾದ ತಮಿಳು. ಮೊದಲ ದಿನ ಸಂಘದವರೆಲ್ಲ ಶಾಲೆಯ ಜಗಲಿಯಲ್ಲಿ ಸೇರಿದ್ದರು. ಅವರು ತಮ್ಮ ಬಲಗೈ ಮುಂದೆ ಚಾಚಿ ಹೇಳಿದರು: "ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಹಿರಿಯರ ಕೈಯನ್ನು ನನ್ನ ಗುರುಗಳು ಕುಲುಕಿದ್ದರು. ನನ್ನ ಗುರುಗಳ ಕೈಯನ್ನು ನಾನು ಕುಲುಕಿದ್ದೇನೆ. ಆದ್ದರಿಂದ ಈಗ ಈ ಕೈ ಕುಲುಕುವವರು ಆ ಹಿರಿಯರಿಂದ ಎರಡೇ ಕೈ ದೂರ." ಸಂಘದವರು ನಗುತ್ತಾ, ಪ್ರಸಾದಕ್ಕೆ ನಿಂತವರಂತೆ ಸಾಲಾಗಿ ಬಂದು ಆ ಕೈ ಕುಲುಕಿದರು. ನಾನೂ ಸಾಲಿನ ಕೊನೆಯಲ್ಲಿ ನಿಂತಿದ್ದೆ. ನನ್ನ ಸರದಿ ಬಂದಾಗ ಅವರು ಕೈ ಹಿಂದಕ್ಕೆ ತೆಗೆದುಕೊಂಡು ತಲೆಯಾಡಿಸಿದರು. ಅವಮಾನವಾಯಿತೇ? ಇಲ್ಲ. ನನಗೂ ಆ ಕೈ ಸಿಕ್ಕಿದ್ದರೆ ಎಂದು ಆಸೆಯಾಯಿತು! ಇವತ್ತಿಗೂ ನನ್ನ ಮೇಲೆ ನನಗೆ ಬರುವ ಮೊದಲ ಸಿಟ್ಟು ಅದೇ.

ಮಕ್ಕಳ ಮಾತನ್ನು ಅವರಿಗೆ ತಮಿಳಿನಲ್ಲಿ ಹೇಳುವುದು, ಹಾಳೆಯಲ್ಲಿ ಬರೆಯುವುದು, ಕೊನೆಯಲ್ಲಿ ಸಹಿ ಹಾಕುವುದು ನನ್ನ ಕೆಲಸ. ನಿಯಮ ಒಂದೇ. ಕಾರ್ಡಿನಲ್ಲಿದ್ದ ಪ್ರಶ್ನೆಯನ್ನು ಅವರು ತಮಿಳಿನಲ್ಲಿ ಓದುತ್ತಾರೆ. ಅದನ್ನು ನಾನು ಕನ್ನಡಕ್ಕೆ ತಿರುಗಿಸಕೂಡದು. "ಒಂದು ಪದ ಬದಲಾದರೂ ಇಡೀ ಅಳತೆ ಕೆಡುತ್ತದೆ" ಎಂದಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಅವರು ನನಗೆ ಪಾಠ ಹೇಳುತ್ತಿದ್ದರು. ನೆನಪು ಎಂದರೇನು, ಗಮನ ಎಂದರೇನು, ಮನಸ್ಸು ಒಂದು ಸದ್ದಿಗೆ ಓಗೊಡಲು ಎಷ್ಟು ಹೊತ್ತು ಬೇಕು. ಯಾರೂ ನನ್ನ ಜೊತೆ ಹಾಗೆ ಮಾತಾಡಿರಲಿಲ್ಲ. ಕಾಡುಹಸಿವಿನಿಂದ ಕೇಳಿಸಿಕೊಂಡೆ. "ನೀವು ಕಾಲೇಜಿಗೆ ಹೋಗಬೇಕಾದವರು" ಎಂದರು ಒಂದು ದಿನ. ಅವತ್ತು ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ.

ಆರು ವರ್ಷದ ಮಾದ ಬಂದು ಕೂತ. ಡಾಕ್ಟರು ತಮಿಳಿನಲ್ಲಿ ಕೇಳಿದರು, "ಮಾಡು ಎನ್ನ ತರುಂ?" ಹಸು ಏನು ಕೊಡುತ್ತದೆ ಎಂದು ಅರ್ಥ. ಆದರೆ ಹುಡುಗನ ಕಿವಿಗೆ ಬಿದ್ದದ್ದು ಕನ್ನಡದ ಮಾಡು. ಅವನು ಗಾಬರಿಯಿಂದ ಎದ್ದು ನಿಂತ. "ಏನ್ ಮಾಡ್ಲಿ?" ಎಂದು ಕೇಳಿದ. ಡಾಕ್ಟರು ಮತ್ತೆ ಅದನ್ನೇ ಓದಿದರು. "ಮಾಡ್ತೀನಿ, ಏನ್ ಮಾಡ್ಬೇಕು ಏಳಿ" ಎಂದ ಹುಡುಗ, ಅಳುವಂತಾಗಿ. ಮನೆಯಲ್ಲಿ ಎರಡು ಹಸುವಿನ ಹಾಲು ಕರೆಯುವಾಗ ಕರು ಹಿಡಿದುಕೊಳ್ಳುವವನು ಅವನು.

"ಸರ್, ಅವನಿಗೆ ಆ ಪದ..." ಎಂದು ನಾನು ಬಾಯಿ ತೆಗೆದೆ.

ಅವರು ಬೆರಳೆತ್ತಿದರು. ಸೊನ್ನೆ ಬರೆಯಿರಿ ಎಂದರು. ಬರೆದೆ.

ಮಾರನೆಯ ದಿನ ಕೆಂಪಿಯ ಸರದಿ. ಒಂದು ಮನೆಯ ಚಿತ್ರ ತೋರಿಸಿ ಇದರಲ್ಲಿ ಏನು ಕಾಣೆಯಾಗಿದೆ ಎಂದು ಕೇಳಿದರು. ಅದು ವಿಲಾಯಿತಿ ಮನೆ. ಸೂರಿನ ಮೇಲೆ ಹೊಗೆಗೂಡು ಇರಲಿಲ್ಲ. ಹೊಗೆಗೂಡು ಎಂಬುದನ್ನು ಆ ಹುಡುಗಿ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಅವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು, "ಜನ ಇಲ್ಲ ಟೀಚರಮ್ಮ. ಬಾಗ್ಲು ತೆಗ್ದೈತೆ, ಯಾರೂ ಇಲ್ಲ. ಬಿಟ್ಟೋಗವ್ರೆ."

ಸೊನ್ನೆ.

"ಹೊಳೆ ಯಾವ ಕಡೆಗೆ ಹರಿಯುತ್ತದೆ?" ಇಷ್ಟು ತಮಿಳು ಕೆಂಪಿಗೆ ಬರುತ್ತಿತ್ತು. ತಗ್ಗಿನ ಕಡೆಗೆ ಎಂದರೆ ಪೂರ್ತಿ ಅಂಕ. ಅವಳು ತಡಮಾಡಲಿಲ್ಲ.

"ಒಳೆ ಅರಿಯಾಕಿಲ್ಲ. ನಿಂತೈತೆ. ಡ್ಯಾಮ್ ಕಟ್ದಾಗ್ಲಿಂದ ಅಂಗೇ ನಿಂತೈತೆ."

ನಾನು ಅದನ್ನು ತಮಿಳಿನಲ್ಲಿ ಹೇಳಿದೆ, ಒಂದು ಪದ ಬಿಡದೆ. ಡಾಕ್ಟರು ಗಡಿಯಾರ ನೋಡುತ್ತಿದ್ದರು. "ಹರಿಯುವುದಿಲ್ಲ ಎಂದಳೇ? ಸೊನ್ನೆ." ನನ್ನ ಕೈಯಲ್ಲಿ ಸೀಸದ ಕಡ್ಡಿ ಇತ್ತು. ಎದ್ದು ನಿಲ್ಲಬಹುದಿತ್ತು, ಕಡ್ಡಿ ಬಿಸಾಡಬಹುದಿತ್ತು. ನಾನು ಸೊನ್ನೆ ಬರೆದೆ. ದುಂಡಗೆ, ಚೆನ್ನಾಗಿ. ಕೆಳಗೆ ಸಹಿ ಹಾಕಿದೆ.

ಎರಡು ವಾರದಲ್ಲಿ ವರದಿ ಬಂತು. ಸಂಘದ ಕಾರ್ಯದರ್ಶಿ ಶಾಲೆಗೇ ಬಂದು ಓದಿದರು. ಹೊಸಪಾಳ್ಯದ ಮಕ್ಕಳಲ್ಲಿ ಹೆಚ್ಚಿನವರು ಮಂದಬುದ್ಧಿಯವರು. ಕೆಂಪಿಯ ಹೆಸರು ಆ ಪಟ್ಟಿಯ ಮೊದಲಿನಲ್ಲೇ ಇತ್ತು. ಇವರಿಗೆ ಹೆಚ್ಚಿನ ಓದು ಹೊರೆ, ಕೈಕೆಲಸ ಕಲಿಸುವುದೇ ಉಪಕಾರ. ಹಾಗಾಗಿ ನಾಲ್ಕು ಮತ್ತು ಐದನೇ ತರಗತಿ ಬೇಡ. ಆ ಕೋಣೆ ಕಟ್ಟಲು ತಂದಿದ್ದ ಇಟ್ಟಿಗೆಯಲ್ಲಿ ಕತ್ತಾಳೆ ನಾರಿನ ಹಗ್ಗ ಹೊಸೆಯುವ ಕೊಟ್ಟಿಗೆ ಕಟ್ಟಬಹುದು. ವಿದ್ಯಾರ್ಥಿನಿಲಯದ ಜಾಗ ಪಟ್ಟಣದ ಇನ್ನೊಬ್ಬ ಹುಡುಗಿಗೆ ಹೋಯಿತು.

ಸುದ್ದಿ ತಮಿಳಿನಲ್ಲಿ ಊರಿಗೆ ಇಳಿಯಿತು. ಮಂದಬುದ್ಧಿ ಎಂಬ ದೊಡ್ಡ ಪದ ಯಾರಿಗೂ ಬೇಕಿರಲಿಲ್ಲ. ದಡ್ಡ ಎನ್ನುವುದಕ್ಕೆ ತಮಿಳಿನಲ್ಲಿ ಮಕ್ಕು ಎಂಬ ಪುಟ್ಟ ಪದವಿದೆ, ನಾಲಗೆಗೆ ಸುಲಭ. ನಂಗವಳ್ಳಿಯ ಸಂತೆಯಲ್ಲಿ ನಮ್ಮ ಮಕ್ಕಳನ್ನು ಕಂಡರೆ ಇತರರು, "ಅಳೆದು ನೋಡಿದ ಮಕ್ಕುಗಳು ಬಂದವು" ಎನ್ನತೊಡಗಿದರು.

ಕೆಂಪಿಯ ಅಪ್ಪ ಮುದ್ದೇಗೌಡ ನನ್ನ ಬಾಗಿಲಿಗೆ ಬಂದ. ಯಾವತ್ತೂ ಗಟ್ಟಿಯಾಗಿ ಮಾತಾಡದವನು.

"ಟೀಚರಮ್ಮಾ, ಒಲ ತಕ್ಕಂಡ್ರು, ಸರಿ. ಮನೆ ಮುಳುಗ್ಸಿದ್ರು, ಸರಿ. ಈಗ ನಮ್ಮ ಮಕ್ಳಿಗೆ ತಲೇನೂ ಇಲ್ಲ ಅಂತಾರಲ್ಲಾ, ಅದ್ಯಾವ ಕಾಗ್ದದಾಗೆ ಬರ್ದೈತೆ? ತೋರ್ಸು."

"ಕಾಗದ ನನ್ನ ಹತ್ರ ಇಲ್ಲ ಗೌಡ್ರೇ."

"ನೀನೂ ಅಲ್ಲೇ ಕುಂತಿದ್ದಲ್ಲಾ? ನಮ್ಮ ಮಾತು ನಿಂಗೆ ಬರ್ತೈತಲ್ಲಾ?"

ಹೀಗೆಂದು ಅವನು ಹೊರಟುಹೋದ.

ಅವತ್ತು ಹೊತ್ತಿದ ಸಿಟ್ಟಿನಲ್ಲೇ ನಾನು ಒಂದು ಕೆಲಸ ಮಾಡಿದೆ. ಡಾಕ್ಟರು ಬಿಟ್ಟುಹೋಗಿದ್ದ ಖಾಲಿ ಹಾಳೆಗಳಿದ್ದವು. ಪ್ರಶ್ನೆಗಳು ನನಗೆ ಬಾಯಿಪಾಠವಾಗಿದ್ದವು. ಒಂದು ವಾರ ಶಾಲೆಯ ಹೊತ್ತಿನಲ್ಲೇ ಒಬ್ಬೊಬ್ಬರನ್ನೂ ಕೂರಿಸಿ ಅವವೇ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿದೆ. ಹಸು ಏನು ಕೊಡ್ತದೋ ಎಂದರೆ ಮಾದ, "ಆಲು, ಸಗಣಿ, ಕರ" ಎಂದು ಮೂರು ಬೆರಳು ಮಡಿಸಿದ. ಹೊಗೆಗೂಡಿನ ಚಿತ್ರದ ಬದಲು ಒಲೆಯಿಲ್ಲದ ಅಡುಗೆಮನೆ ಬರೆದು ತೋರಿಸಿದೆ. ಕೆಂಪಿ ನಕ್ಕುಬಿಟ್ಟಳು. ಉತ್ತರಗಳನ್ನು ಅವರು ಆಡಿದ ಹಾಗೇ ಬರೆದು, ಪಕ್ಕದಲ್ಲಿ ತಮಿಳಿನಲ್ಲಿ ಅರ್ಥ ಬರೆದೆ. ಪಟ್ಟಿ ತಲೆಕೆಳಗಾಯಿತು. ಮೊದಲಿನ ಪಟ್ಟಿಯಲ್ಲಿ ಮಂದಬುದ್ಧಿಯವರಾಗಿದ್ದವರಲ್ಲಿ ಒಬ್ಬನನ್ನು ಬಿಟ್ಟು ಯಾರೂ ಅಲ್ಲಿ ಉಳಿಯಲಿಲ್ಲ. ಕೆಂಪಿ ತನ್ನ ವಯಸ್ಸಿಗಿಂತ ಎರಡು ವರ್ಷ ಮುಂದಿದ್ದಳು.

ಡಾಕ್ಟರು ಆ ಹೊತ್ತಿಗೆ ಧರ್ಮಪುರಿಯಲ್ಲಿ ಭಾಷಣಗಳನ್ನು ಮುಗಿಸಿ ಮದರಾಸಿಗೆ ಹೊರಟಿದ್ದರು. ಮೊರಪ್ಪೂರಿನಲ್ಲಿ ಮಧ್ಯಾಹ್ನದ ರೈಲು ಹಿಡಿಯುತ್ತಾರೆಂದು ತಿಳಿಯಿತು. ನಾನು ಬೆಳಗಿನ ಬಸ್ಸಿನಲ್ಲಿ ಸೇಲಂಗೆ, ಅಲ್ಲಿಂದ ರೈಲಿನಲ್ಲಿ ಮೊರಪ್ಪೂರಿಗೆ ಹೋದೆ. ಹೆಂಗಸೊಬ್ಬಳೇ ಪ್ರಯಾಣ ಮಾಡುತ್ತಿದ್ದಾಳೆಂದು ಡಬ್ಬಿಯವರೆಲ್ಲ ನೋಡುತ್ತಿದ್ದರು. ನಾನು ಹಾಳೆಗಳ ಕಟ್ಟನ್ನು ಕೂಸಿನಂತೆ ಎದೆಗವಚಿಕೊಂಡಿದ್ದೆ.

ಅವರು ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ಟ್ರಂಕಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ನಿಜವಾಗಿಯೂ ಸಂತೋಷಪಟ್ಟರು. ಹಾಳೆಗಳನ್ನು ತೆಗೆದುಕೊಂಡು ಓದಿದರು. ನಾಲ್ಕೈದು ಹಾಳೆ ತಿರುವಿದ ಮೇಲೆ ಮುಖ ಬಿಗಿಯಿತು.

"ನೀವು ಅಳತೆ ಮಾಡಿಲ್ಲ, ಅನುಕಂಪ ತೋರಿಸಿದ್ದೀರಿ. ಭಾಷೆ ಬದಲಾದರೆ ಅಳತೆಗೋಲೇ ಬದಲಾಯಿತು."

"ಮೊದಲೇ ತಪ್ಪು ಕೋಲು ಹಿಡಿದಿದ್ದೆವು ಸರ್. ಮಾದನಿಗೆ ಹಸು ಗೊತ್ತಿತ್ತು. ನಿಮ್ಮ ಪದ ಗೊತ್ತಿರಲಿಲ್ಲ."

"ಅವನು ಇರುವುದು ತಮಿಳು ಸೀಮೆಯಲ್ಲಿ."

"ಅವನಾಗಿ ಬಂದು ಕೂತನೇ? ಎಬ್ಬಿಸಿ ತಂದವರು ಯಾರು?" ನನ್ನ ದನಿ ಏರಿತು. ಪೋರ್ಟರುಗಳು ತಿರುಗಿ ನೋಡಿದರು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೈಯಲ್ಲಿದ್ದದ್ದು ಕೆಂಪಿಯ ಹಾಳೆ. ಹೊಳೆ ನಿಂತಿದೆ ಎಂದು ಹಿಂದೆ ಅವಳು ಹೇಳಿದ್ದನ್ನೂ ನಾನು ಅದರಲ್ಲಿ ಮತ್ತೆ ಬರೆದಿದ್ದೆ. ಅದನ್ನು ಎರಡು ಸಲ ಓದಿದರು. ತುಂಬ ಮೆಲ್ಲಗೆ, "ಉತ್ತರ ಚೆನ್ನಾಗಿದೆ" ಎಂದರು.

ಅವರಿಗೆ ಗೊತ್ತಾಗಿತ್ತು! ಗೊತ್ತಿಲ್ಲದೆ ಮಾಡಿದವರನ್ನು ಎಂದಾದರೂ ಕ್ಷಮಿಸಿಬಿಡಬಹುದು. ಈ ಮನುಷ್ಯನಿಗೆ ಆ ಬೇವಿನ ಮರದ ಕೆಳಗೆ, ಹಾಡುಹಗಲಲ್ಲಿ, ಎಲ್ಲವೂ ಗೊತ್ತಾಗಿತ್ತು.

"ಹಾಗಾದರೆ ಸಂಘದವರಿಗೆ ಒಂದು ಕಾಗದ ಬರೆಯಿರಿ ಸರ್. ವರದಿ ತಪ್ಪಾಯಿತು ಅನ್ನಿ."

"ಅದು ಆಗಲೇ ನನ್ನ ಗುರುಗಳಿಗೆ ಹೋಗಿದೆ. ಅವರು ಅದನ್ನು ಅಚ್ಚು ಮಾಡಿಸುತ್ತಾರೆ. ನಾನೀಗ ಹಿಂದಕ್ಕೆ ತೆಗೆದುಕೊಂಡರೆ ನನ್ನ ಹೆಸರು ಮಾತ್ರವಲ್ಲ, ಅವರ ಹೆಸರೂ ಕೆಡುತ್ತದೆ. ಅವರು ಯಾರ ಶಿಷ್ಯರು ಎಂದು ನಿಮಗೆ ಗೊತ್ತಲ್ಲ." ಹೀಗೆ ಹೇಳಿ ಹಾಳೆಗಳನ್ನು ಟ್ರಂಕಿಗೆ ಹಾಕಿದರು. ಅದರಿಂದಲೇ ಒಂದು ಲಕೋಟೆ ತೆಗೆದರು. "ಇದು ನಿಮಗೆ ಕಳಿಸಬೇಕೆಂದಿದ್ದೆ. ಕಾಲೇಜಿಗೆ ನನ್ನ ಶಿಫಾರಸು. ಜೂನ್‌ನಲ್ಲಿ ಸೇರಬಹುದು. ಹಾಳೆಗಳು ನನ್ನ ಹತ್ತಿರವೇ ಇರಲಿ."

ಇದನ್ನು ತೆಗೆದುಕೊಂಡರೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ರೈಲು ಬಂತು. ನಾನು ಆ ಟ್ರಂಕಿನ ಮೇಲೆ ಬೀಳಬಹುದಿತ್ತು. ಕಿರುಚಬಹುದಿತ್ತು. ಬರಿಗೈಯಲ್ಲೇ ಸಂಘದವರ ಹತ್ತಿರ ಹೋಗಿ, ಸಹಿ ನನ್ನದು, ತಪ್ಪೂ ನನ್ನದು ಎನ್ನಬಹುದಿತ್ತು. ನಾನು ನೆನೆಸಿಕೊಂಡದ್ದು ಸೇಲಂನ ಬೀದಿ, ಬೋಳುತಲೆ, ಮಗ್ಗದ ಸದ್ದು, ಸಾಯುವವರೆಗೂ ಅದೇ ಎರಡು ಕೋಣೆ. ಲಕೋಟೆಗೆ ಕೈ ಚಾಚಿದೆ. ಆಗ ಅವರು ಮೊದಲ ಬಾರಿ ತಮ್ಮ ಬಲಗೈ ಚಾಚಿದರು. ಕುಲುಕಿದೆ. ಬೆವರಿತ್ತು ಅದರಲ್ಲಿ.

ವಿಮಲಾಳ ಹಾಳೆಯಲ್ಲಿ ವರದನ್ ಅವರಿಂದ ನನಗೆ ಇಳಿದ ಗೆರೆ ಅದೇ. ಆ ಗೆರೆಯ ಕೆಳಗೆ ನಾನು ಮೂವತ್ತು ವರ್ಷ ಪಾಠ ಹೇಳಿದೆ. ಮನೆಮಾತಿನಲ್ಲಿ ಕೇಳದೆ ಮಗುವನ್ನು ಅಳೆಯಬೇಡಿ ಎಂದು ಪ್ರತಿ ವರ್ಷ ಮೇಜು ಕುಟ್ಟಿ ಹೇಳಿದೆ. ಎಲ್ಲರೂ ಬರೆದುಕೊಂಡರು. ಇದನ್ನು ಎಲ್ಲಿ ಕಲಿತಿರಿ ಎಂದು ಒಬ್ಬರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ನಂಗವಳ್ಳಿಗೆ ಮತ್ತೆ ಹೋದದ್ದು ಹದಿನೆಂಟು ವರ್ಷಗಳ ಮೇಲೆ, ಒಂದು ತರಬೇತಿ ಶಿಬಿರಕ್ಕೆ. ಕಡಲೆಕಾಯಿಯ ಕಾಲವೇ. ಮಂಡಿಯ ಮುಂದೆ ಹೆಂಗಸರು ಸಾಲಾಗಿ ಕೂತು ಕಾಯಿ ಸುಲಿಯುತ್ತಿದ್ದರು. ಹೊಸಪಾಳ್ಯದ ಕೆಂಪಿ ಎಲ್ಲಿದ್ದಾಳೆ ಗೊತ್ತೇ ಎಂದು ತೂಕದವನನ್ನು ಕೇಳಿದೆ.

"ಯಾರು, ಮಕ್ಕು ಕೆಂಪಿಯಾ? ಅದೋ, ಕಡೇಲಿ" ಎಂದು ಅವನು ತಮಿಳಿನಲ್ಲಿ ಹೇಳಿದ. ಬೈಯುವ ದನಿಯಲ್ಲ. ಅದು ಅವಳ ಹೆಸರೇ ಆಗಿತ್ತು.

ಅವಳು ನನ್ನನ್ನು ಕೂಡಲೇ ಗುರುತಿಸಿದಳು. ಸುಲಿದು ಸುಲಿದು ಹೆಬ್ಬೆರಳಿನ ಉಗುರು ಸವೆದಿತ್ತು. ಹಗ್ಗದ ಕೊಟ್ಟಿಗೆಯಲ್ಲಿ ಆರು ವರ್ಷ ಇದ್ದಳಂತೆ. ಅದೂ ಮುಚ್ಚಿತಂತೆ. ಅಪ್ಪ ಸತ್ತಿದ್ದ. ಪಕ್ಕದಲ್ಲಿ ಕೂರಲು ಚೀಲ ಹಾಸಿಕೊಟ್ಟಳು. ನಾನು ಮೊರಪ್ಪೂರಿನ ಕಥೆಯನ್ನೆಲ್ಲ ಹೇಳಿದೆ, ಲಕೋಟೆಯನ್ನೂ ಬಿಡದೆ. ಅವಳ ಕೈ ನಿಲ್ಲಲಿಲ್ಲ. ಎಲ್ಲ ಕೇಳಿಸಿಕೊಂಡ ಮೇಲೆ ಹೇಳಿದಳು:

"ನಂಗೆ ಬುದ್ಧಿ ಇಲ್ಲಾಂತ ಎಲ್ರೂ ಅಂದ್ರು ಟೀಚರಮ್ಮ. ನೀನೊಬ್ಳು ಇಲ್ಲಾಂತ ಅನ್ಲಿಲ್ಲ. ಐತೆ ಅಂತಾನೂ ಅನ್ಲಿಲ್ಲ."

"ಐತೆ ಕಣೇ" ಎಂದೆ. ಸಾಲಿನ ಹೆಂಗಸರೆಲ್ಲ ಕೇಳುವಂತೆ ಇನ್ನೊಂದು ಸಲ ಹೇಳಿದೆ. "ನಿಂಗೆ ಎಲ್ಲರಿಗಿಂತ ಜಾಸ್ತಿ ಐತೆ."

ಅವಳು ಮೊದಲ ಬಾರಿಗೆ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ಈಗ್ಯಾಕೆ?" ಎಂದಳು. ಮೊರಕ್ಕೆ ಇನ್ನೊಂದು ಬೊಗಸೆ ಕಾಯಿ ಎಳೆದುಕೊಂಡಳು.